ಹಲ್ಲಿನ ಡಾಕ್ಟರ್ ಮತ್ತು ಹಳೇ ಜೂಮ್

“ಈ ಲೆನ್ಸ್ ಕೆಟ್ಟಿದೆ.”

ಬಾಗಿಲು ತಳ್ಳಿಕೊಂಡು ಬಂದವನು ನಮಸ್ಕಾರ ಇಲ್ಲ, ಪೀಠಿಕೆ ಇಲ್ಲ, ಕರವಸ್ತ್ರದಲ್ಲಿ ಸುತ್ತಿದ್ದ ಲೆನ್ಸನ್ನು ಗಾಜಿನ ಕೌಂಟರ್ ಮೇಲಿಟ್ಟು ಅಷ್ಟೇ ಹೇಳಿದ.

ಅವಳು ತಲೆ ಎತ್ತಿದಳು. ಕೈಯಲ್ಲಿದ್ದ ಸಣ್ಣ ಸ್ಕ್ರೂಡ್ರೈವರನ್ನು ಪಕ್ಕಕ್ಕಿಟ್ಟಳು.

ಹಳೇ ಕ್ಯಾಮೆರಾ, ಹಳೇ ಲೆನ್ಸುಗಳ ಆ ಅಂಗಡಿ ಅವಳ ಅಪ್ಪನದು. ಅಪ್ಪ ಹೋದ ಮೇಲೆ ಅವಳದು. ರಸ್ತೆಯವರೆಲ್ಲ ಅವಳನ್ನು ಲೆನ್ಸಮ್ಮ ಅನ್ನುತ್ತಿದ್ದರು. ಮೊದಮೊದಲು ತಮಾಷೆಗೆ ಇಟ್ಟ ಹೆಸರು, ಈಗ ಅಂಚೆಯವನೂ ಹಾಗೇ ಕೂಗುತ್ತಿದ್ದ. ಅಲ್ಲಿಂದ ಹೊರಗೆ ಹೋಗುವ ಪ್ರತಿ ಲೆನ್ಸನ್ನೂ ಅವಳೇ ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬದುಕಿನಲ್ಲಿ ಬೇರೆಲ್ಲ ಕೈಕೊಟ್ಟ ಮೇಲೆ ಅವಳಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

“ಯಾವಾಗ ತಗೊಂಡ್ರಿ?”

“ಹೋದ ವಾರ. ನೀವಿರಲಿಲ್ಲ. ದಪ್ಪ ಕನ್ನಡಕದವರೊಬ್ಬರು ಇದ್ರು.”

“ನಮ್ಮ ಭಾವ. ಏನಾಗಿದೆ ಇದಕ್ಕೆ?”

“ಚಿತ್ರ ಎಲ್ಲಾ ಅಲ್ಲಾಡಿದ ಹಾಗೆ ಬರತ್ತೆ. ಒಂದೂ ನೆಟ್ಟಗಿಲ್ಲ.”

ಅವಳಿಗೆ ಮೈಯೆಲ್ಲ ಉರಿಯಿತು. ಆ ಜೂಮ್ ಲೆನ್ಸ್ ಅವಳಿಗೆ ಚೆನ್ನಾಗಿ ಗೊತ್ತು. ಅವಳು ಹುಟ್ಟುವುದಕ್ಕೂ ಮೊದಲಿನದು. ಪೂರ್ತಿ ಲೋಹ, ಕೈಗೆ ಕುಟ್ಟಾಣಿಯಷ್ಟು ಭಾರ. ಅದಕ್ಕೆ ಅಗಲವಾದ ಒಂದೇ ಒಂದು ಬಳೆ. ಹಿಂದಕ್ಕೆ ಎಳೆದರೆ ದೂರದ್ದು ಹತ್ತಿರ ಬರುತ್ತದೆ, ತಿರುಗಿಸಿದರೆ ಫೋಕಸ್ ಕೂಡುತ್ತದೆ. ಈಗಿನ ಲೆನ್ಸಿನ ಹಾಗೆ ತಾನೇ ಫೋಕಸ್ ಮಾಡುವುದಿಲ್ಲ, ಕೈಯ ನಡುಕವನ್ನು ತಡೆಯುವ ಯಂತ್ರವೂ ಇಲ್ಲ. ಆದರೆ ಒಳಗಿನ ಗಾಜು ಮಾತ್ರ ಕೊಳದ ನೀರಿನಷ್ಟು ತಿಳಿ.

“ನನ್ನ ಅಂಗಡಿಯಿಂದ ಕೆಟ್ಟ ಲೆನ್ಸ್ ಹೋಗಲ್ಲ ರೀ,” ಅಂದಳು. “ಬನ್ನಿ, ಈಗಲೇ ನೋಡಿಬಿಡೋಣ.”

ಹಳೇ ಲೆನ್ಸನ್ನು ಹೊಸ ಕ್ಯಾಮೆರಾಗೆ ಕೂರಿಸುವ ಉಂಗುರವನ್ನು ತಿರುಪಿ, ತನ್ನ ಡಿಜಿಟಲ್ ಕ್ಯಾಮೆರಾಗೆ ಹಾಕಿದಳು. ಬಾಗಿಲಲ್ಲಿ ನಿಂತು ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಣಹಾಕಿದ್ದ ಟವೆಲಿಗೆ ಗುರಿಯಿಟ್ಟಳು. ಬಳೆ ಎಳೆದಳು, ತಿರುಗಿಸಿದಳು, ಒತ್ತಿದಳು. ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಅವನ ಮುಂದೆ ಹಿಡಿದಳು. ಟವೆಲಿನ ಅಂಚಿನ ನೂಲು ಒಂದೊಂದೂ ಎಣಿಸುವ ಹಾಗಿತ್ತು.

“ನನ್ನ ಕ್ಯಾಮೆರಾದಲ್ಲಿ...” ಅಂದ ಅವನು.

“ಕೊಡಿ ಇಲ್ಲಿ.”

ಅವನ ಕ್ಯಾಮೆರಾದಲ್ಲೂ ಅಷ್ಟೇ ಚೊಕ್ಕ.

“ಈಗ ನೀವು ತೆಗೀರಿ.”

ಅವನು ತೆಗೆದ. ಟವೆಲ್ ಎರಡಾಗಿತ್ತು. ಇನ್ನೊಂದು ತೆಗೆದ. ಕಿಟಕಿಯೇ ಕಲಸಿಹೋಗಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ... ಲೆನ್ಸಮ್ಮನ ನಾಲಿಗೆ ತಡೆಯಲಿಲ್ಲ. “ಲೆನ್ಸ್ ಚಿನ್ನದ ಹಾಗಿದೆ. ಕೆಟ್ಟಿರೋದು ನಿಮ್ಮ ಕೈ.”

ಅವನು ಜಗಳಕ್ಕೆ ಬರುತ್ತಾನೆ ಅಂದುಕೊಂಡಿದ್ದಳು. ಬರಲಿಲ್ಲ. ಮುಖದ ಬಣ್ಣ ಮಾತ್ರ ಇಳಿದುಹೋಯಿತು.

“ಖಂಡಿತಾನಾ?” ಅಂತ ಕೇಳಿದ. “ಲೆನ್ಸಲ್ಲಿ ಏನೂ ಇಲ್ವಾ? ಒಂಚೂರೂ?”

ಆ ಕೇಳುವ ರೀತಿಗೆ ಅವಳ ಕೋಪ ಇಳಿದುಹೋಯಿತು. ಏನಿದು, ಲೆನ್ಸಿನ ವಿಷಯಕ್ಕೆ ಯಾರಾದರೂ ಇಷ್ಟು ಕುಗ್ಗುತ್ತಾರಾ?

“ಬೇಜಾರು ಮಾಡ್ಕೋಬೇಡಿ,” ಅಂದಳು. “ಇದು ಹಳೇ ಕಾಲದ ಗಟ್ಟಿಮುಟ್ಟು. ಹಿಡಿಯೋ ರೀತಿ ಬೇರೆ. ಮಧ್ಯಾಹ್ನ ಅಂಗಡಿ ಮುಚ್ಚಿರ್ತೀನಿ, ಬಿಡುವಿದ್ರೆ ಬನ್ನಿ, ಹೇಳ್ಕೊಡ್ತೀನಿ.”

ಅವನು ಮರುದಿನವೇ ಬಂದ.

*

ಅವನು ಹಲ್ಲಿನ ಡಾಕ್ಟರ್. ಹಿಂದಿನ ರಸ್ತೆಯಲ್ಲಿ, ಮಹಡಿ ಮೇಲೆ ಅವನ ಕ್ಲಿನಿಕ್ಕು. ಕೆಲವು ತಿಂಗಳಿಂದ ಮುಚ್ಚಿತ್ತು. ಯಾಕೆ ಅಂತ ಅವಳು ಕೇಳಿದಾಗ, “ಎಷ್ಟು ಅಂತ ಜನರ ಬಾಯಿ ನೋಡೋದು, ಸ್ವಲ್ಪ ಮುಖನೂ ನೋಡೋಣ ಅಂತ,” ಅಂದು ಕ್ಯಾಮೆರಾ ತೋರಿಸಿದ.

ಅಂಗಡಿಯಿಂದ ಸ್ವಲ್ಪ ದೂರದಲ್ಲಿ ರೈಲು ಹಳಿಗಳ ಮೇಲೆ ಒಂದು ಕಾಲುಸೇತುವೆ. ಮಧ್ಯಾಹ್ನದ ಹೊತ್ತು ಅಲ್ಲಿ ಜನ ಕಡಿಮೆ. ಅವರ ಪಾಠ ಅಲ್ಲೇ ನಡೆಯುತ್ತಿತ್ತು.

“ಎರಡೂ ಮೊಣಕೈ ಪಕ್ಕೆಗೆ ಒತ್ತಿ. ಎಡ ಅಂಗೈ ಲೆನ್ಸಿನ ಕೆಳಗೆ. ಭಾರ ಎಲ್ಲಾ ಎಡಗೈಗೆ. ಪರದೆಯಲ್ಲಿ ಕೆಂಪು ಗೆರೆ ಕಾಣ್ತಿದೆಯಲ್ಲ, ಅದು ಯಾವುದರ ಅಂಚಿಗೆ ಕೂಡತ್ತೋ ಅಲ್ಲಿ ಫೋಕಸ್. ಈಗ ಅರ್ಧ ಉಸಿರು ಬಿಡಿ, ನಿಲ್ಲಿಸಿ... ಒತ್ತಿ.”

“ಇದೇ ಮಾತನ್ನ ನಾನು ಜನರಿಗೆ ಹೇಳ್ತಿದ್ದೆ. ಉಸಿರು ಬಿಡಿ, ನಿಲ್ಲಿಸಿ, ಬಾಯಿ ತೆರೀರಿ.”

“ನೀವು ಬಾಯಿ ಮುಚ್ಚಿ.”

ಫೋಕಸ್ ಅವನಿಗೆ ಬಹಳ ಬೇಗ ಒಲಿಯಿತು. ದೂರದ ಸಿಗ್ನಲ್ ಕಂಬದ ಮೇಲೆ ಕೂತ ಕಾಗೆಯ ಕೊಕ್ಕಿಗೆ ಕೂದಲೆಳೆಯಷ್ಟು ನಿಖರವಾಗಿ ಬಳೆ ತಿರುಗಿಸಿ ನಿಲ್ಲಿಸುತ್ತಿದ್ದ. ಆದರೆ ಬಟನ್ ಒತ್ತುವ ಹೊತ್ತಿಗೆ ಎಲ್ಲ ಅಲುಗಿಬಿಡುತ್ತಿತ್ತು.

ಕ್ಯಾಮೆರಾವನ್ನು ಸೇತುವೆಯ ಕಂಬಿ ಮೇಲೆ ಊರಿಸಿ, ಟೈಮರ್ ಹಾಕಿ ತೆಗೆಸಿದರೆ ಚಿತ್ರ ಕನ್ನಡಿ.

“ಹಾಗಾದ್ರೆ ಕ್ಯಾಮೆರಾ ಕೂರಿಸೋಕೆ ಒಂದು ಮುಕ್ಕಾಲಿ ತಗೊಂಡ್ಬಿಡಿ,” ಅಂದಳು. “ತಲೆನೋವೇ ಇರಲ್ಲ.”

“ಎಲ್ಲಾ ಕೆಲಸಕ್ಕೂ ಮುಕ್ಕಾಲಿ ಆಗಲ್ಲವಲ್ಲ,” ಅಂದ ಅವನು. ಆಮೇಲೆ ಕ್ಯಾಮೆರಾವನ್ನು ಮತ್ತೆ ಕೈಗೆತ್ತಿಕೊಂಡ.

ಒಂದು ದಿನ ಅವನು ಏನೋ ತಮಾಷೆ ಮಾಡಿದ. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.

“ನಗುವಾಗ ಕೈ ಯಾಕೆ ಅಡ್ಡ ಇಡ್ತೀರಿ?”

“ಮೇಲಿನ ಹಲ್ಲೊಂದು ಸೊಟ್ಟ. ಸಣ್ಣವಳಿದ್ದಾಗ ಎಲ್ಲಾ ಆಡ್ಕೊಳ್ತಿದ್ರು.”

“ಎಲ್ಲಿ, ತೋರ್ಸಿ.”

“ಛೆ, ಬೇಡಪ್ಪ.”

“ಡಾಕ್ಟರ್ ಹತ್ರ ನಾಚಿಕೆ ಯಾಕೆ?”

ಅವಳು ಹೆದರಿ ಹೆದರಿ ಬಾಯಿ ತೆರೆದಳು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ, ಗಂಭೀರವಾಗಿ ನೋಡಿದ.

“ಯಾರಾದ್ರೂ ಈ ಹಲ್ಲು ಸರಿಮಾಡಿ ಕೊಡ್ತೀನಿ ಅಂದ್ರೆ ನನಗೆ ಹೇಳಿ,” ಅಂದ. “ಅವನ ಲೈಸೆನ್ಸ್ ಕಿತ್ಕೊಳ್ಳೋಣ.”

ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ನಾಲಿಗೆಯಿಂದ ಆ ಸೊಟ್ಟ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಕನ್ನಡಿ ಮುಂದೆ ನಿಂತು, ಕೈ ಅಡ್ಡ ಇಡದೆ ನಕ್ಕಳು. ಆಮೇಲೆ ಹುಚ್ಚಿ ಅಂತ ತನ್ನನ್ನೇ ಬೈದುಕೊಂಡಳು.

ಬೇಡ. ಇದೆಲ್ಲ ಬೇಡ. ಒಂದು ಸಲ ಸುಟ್ಟುಕೊಂಡಿದ್ದು ಸಾಲದಾ ನಿನಗೆ?

ಆ ಸುಟ್ಟ ಕಥೆಯನ್ನೂ ಒಂದು ಮಧ್ಯಾಹ್ನ ಅವನಿಗೆ ಹೇಳಿದಳು. ಯಾರಿಗೂ ಅಷ್ಟು ಬಿಡಿಸಿ ಹೇಳಿದವಳಲ್ಲ.

“ನನ್ನ ಗಂಡ ಕೆಟ್ಟವನಲ್ಲ. ಕುಡೀತಿದ್ದ, ಅಷ್ಟೆ. ಬೆಳಿಗ್ಗೆ ಎದ್ರೆ ಎರಡೂ ಕೈ ಗಡಗಡ ಅಂತಿದ್ವು. ಒಂದು ಗುಟುಕು ಒಳಗೆ ಹೋದ್ರೆ ಕಲ್ಲಿನ ಹಾಗೆ ನಿಲ್ತಿದ್ವು. ಆ ಮೊದಲ ಗುಟುಕನ್ನ ನಾನೇ ಕುಡಿಸ್ತಿದ್ದೆ ಡಾಕ್ಟರೇ. ಲೋಟ ಬಿದ್ದು ಒಡೆಯೋದು ಬೇಡ ಅಂತ. ಬಿಟ್ಟು ಬಂದ ದಿನ ಒಂದೇ ತೀರ್ಮಾನ ಮಾಡ್ದೆ. ಒಂಟಿಯಾಗಿ ಸಾಯ್ತೀನಿ, ಕುಡಿಯೋ ಮನುಷ್ಯನ ನೆರಳೂ ಸೋಕಿಸ್ಕೊಳ್ಳಲ್ಲ ಅಂತ.”

ಅವನು ತನ್ನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹಾಕಿದ. ಗಾಳಿ ಜೋರಾಗಿತ್ತು.

ಆಮೇಲೆ ಕೆಲವು ದಿನ ಅವನ ಸುಳಿವೇ ಇರಲಿಲ್ಲ. ಮತ್ತೆ ಬಂದಾಗ ಮಾತು ಕಡಿಮೆಯಾಗಿತ್ತು. ಎಲ್ಲಿ ಹೋಗಿದ್ರಿ ಅಂದರೆ, ಸುಮ್ಮನೆ, ಊರು ಸುತ್ತೋಕೆ ಅಂದ. ಅವಳ ಒಂದು ಚಿತ್ರ ಬೇಕು ಅಂತ ಕೇಳಿದ. ಕಂಬಿಗೆ ಒರಗಿ ನಿಂತಳು. ಅವನು ತೆಗೆದ, ಮತ್ತೆ ತೆಗೆದ, ಬೆವರುತ್ತ ತೆಗೆದ. ಎಲ್ಲವೂ ಅಲುಗಿದವೇ.

“ಊರಿಸಿ ತೆಗೀರಿ, ನಾನೇನು ಓಡಿಹೋಗ್ತೀನಾ?” ಅಂತ ನಕ್ಕಳು.

“ಇದು ಕೈಯಲ್ಲೇ ಹಿಡಿದು ತೆಗೀಬೇಕು,” ಅಂದ ಅವನು. ಆ ದನಿಯಲ್ಲಿ ಅವಳಿಗೆ ಅರ್ಥವಾಗದ ಹಟವಿತ್ತು.

*

ಅಂಗಡಿಯ ಮೇಲೆಯೇ ಮನೆ. ಅಕ್ಕ, ಭಾವ, ಅವಳು. ಒಂದು ಬೆಳಿಗ್ಗೆ ಭಾವ ಪೇಪರ್ ಮಡಿಸುತ್ತ ಮೆಲ್ಲಗೆ ಮಾತು ತೆಗೆದ.

“ಆ ಹಲ್ಲಿನ ಡಾಕ್ಟರು ದಿನಾ ಬರ್ತಾರಂತಲ್ಲ. ಅವರ ಕ್ಲಿನಿಕ್ ಯಾಕೆ ಮುಚ್ಚಿದೆ ಗೊತ್ತಾ?”

“ಯಾಕಂತೆ?”

“ಒಬ್ಬ ಹೆಂಗಸಿಗೆ ಹಲ್ಲು ಕೊರೆಯುವಾಗ ಕೈ ನಡುಗಿ ತುಟಿ ಸೀಳಿಬಿಟ್ರಂತೆ. ಬೆಳಿಗ್ಗೆ ಹೊತ್ತಲ್ಲೇ. ಕುಡಿದು ಕೆಲಸಕ್ಕೆ ಬರ್ತಾರೆ ಅಂತ ಆ ರಸ್ತೆಯಲ್ಲೆಲ್ಲ ಮಾತು. ನಾನೂ ಮೊನ್ನೆ ನೋಡ್ದೆ, ಚಹಾ ಕುಡಿಯೋಕೆ ಲೋಟ ಎತ್ತಿದ್ರೆ ಕೈ...”

ಭಾವ ತನ್ನ ಕೈಯನ್ನೇ ಅಲ್ಲಾಡಿಸಿ ತೋರಿಸಿದ. 

ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದಳು. “ಪುಟ್ಟಿ... ಅವರಿಗೆ ಮನಸ್ಸು ಕೊಟ್ಟಿಲ್ಲ ತಾನೆ?”

ಪುಟ್ಟಿ ಅಂಗಡಿಯ ಬೀಗದ ಕೈ ತಗೊಂಡು ಕೆಳಗೆ ಇಳಿದುಹೋದಳು. ಶಟರ್ ಎತ್ತಿದಳು.

ಅಲುಗಿದ ಚಿತ್ರಗಳು... ಬೆವರು... ಹೇಳದೆ ಕೇಳದೆ ಮಾಯವಾದ ದಿನಗಳು... ಎಲ್ಲ ಕೂಡಿಸಿದರೆ ಬರುವ ಉತ್ತರ ಅವಳಿಗೆ ಬಾಯಿಪಾಠ. ಅಷ್ಟು ವರ್ಷ ಅದರ ಜೊತೆಗೇ ಸಂಸಾರ ಮಾಡಿದ್ದಳು.

ಮಧ್ಯಾಹ್ನ ಅವನು ಬಂದ. ಲೆನ್ಸನ್ನು ಎಂದಿನಂತೆ ಕೌಂಟರ್ ಮೇಲಿಟ್ಟ.

“ಒಂದು ಕೇಳ್ತೀನಿ, ನಿಜ ಹೇಳಿ,” ಅಂದಳು. “ನೀವು ಕುಡೀತೀರಾ?”

ಅವನು ಅವಳನ್ನೇ ನೋಡಿದ. ಹೊರಗೆ ಬಸ್ಸೊಂದು ಹೋಗಿ ಅಂಗಡಿಯ ಗಾಜೆಲ್ಲ ಸಣ್ಣಗೆ ಅದುರಿತು. ಅದು ನಿಂತ ಮೇಲೆ ಅವನು ಬಾಯಿಬಿಟ್ಟ.

“ಹೌದು.”

ಇಲ್ಲ ಅನ್ನಲಿ ಅಂತ ಅವಳು ಎಷ್ಟು ಬೇಡಿಕೊಂಡಿದ್ದಳು ಅನ್ನುವುದು ಅವಳಿಗೇ ತಿಳಿದದ್ದು ಆಗ.

“ಸೇತುವೆ ಮೇಲೆ ನಾನು ಅಷ್ಟೆಲ್ಲಾ ಹೇಳ್ಕೊಂಡಾಗ... ಸುಮ್ನೆ ಕೇಳಿಸ್ಕೊಂಡು ನಿಂತಿದ್ರಲ್ಲ.”

“ಹೌದು.”

“ನಿಮ್ಮ ಮೈಮೇಲಿಂದ ಒಂದು ದಿನವೂ ವಾಸನೆ ಬರಲಿಲ್ಲ.”

“ಹಲ್ಲಿನ ಡಾಕ್ಟರ್ ಅಲ್ವಾ,” ಅಂದ ಅವನು. “ಬಾಯಿ ವಾಸನೆ ಮುಚ್ಚೋದು ಗೊತ್ತು.”

ಅವಳಿಗೆ ಕೂಗಾಡಬೇಕು ಅನ್ನಿಸಿತು. ಬಾಗಿಲ ಕಡೆ ಕೈ ತೋರಿಸಿದಳು.

“ಹೋಗಿ. ಇನ್ನು ಇಲ್ಲಿಗೆ ಬರಬೇಡಿ.”

ಅವನು ತಲೆಯಾಡಿಸಿ ಹೊರಟ. ಲೆನ್ಸ್ ಅಲ್ಲೇ ಉಳಿಯಿತು. ಅವಳು ಕರೆದು ಕೊಡಲಿಲ್ಲ.

*

ಆ ಲೆನ್ಸನ್ನು ಮುಟ್ಟಲು ಅವಳಿಗೆ ಬಹಳ ದಿನ ಮನಸ್ಸಾಗಲಿಲ್ಲ. ಕೊನೆಗೆ ಕಪಾಟಿಗೆ ಸೇರಿಸೋಣ, ಯಾರಾದರೂ ಕೊಳ್ಳಲಿ ಅಂತ ತೆಗೆದಳು. ಕಪಾಟಿಗೆ ಹೋಗುವ ಮೊದಲು ಪರೀಕ್ಷೆಯಾಗಬೇಕು. ಅದು ಅಪ್ಪ ಹಾಕಿದ ನಿಯಮ.

ಕ್ಯಾಮೆರಾಗೆ ಹಾಕಿ ಬಾಗಿಲಲ್ಲಿ ನಿಂತಳು. ಬಳೆಯನ್ನು ಪೂರ್ತಿ ಎಳೆದಳು. ಎದುರು ಕಟ್ಟಡದ ನೀರಿನ ಕೊಳವೆಯ ಮೇಲೊಂದು ಗುಬ್ಬಿ. ಅದರ ಕಣ್ಣಿಗೆ ಫೋಕಸ್ ಕೂಡಿಸಬೇಕು. ಎಡಗೈ ಒಂಚೂರು ಹೆಚ್ಚು ತಿರುಗಿತು, ಕಣ್ಣು ಮಸುಕಾಯಿತು. ಹಿಂದಕ್ಕೆ ತಿರುಗಿಸಿದಳು, ಬಾಲ ಸ್ಪಷ್ಟವಾಗಿ ಕಣ್ಣು ಮತ್ತೆ ಹೋಯಿತು. ಇಷ್ಟು ವರ್ಷ ಇದೇ ಕೆಲಸ ಮಾಡಿದ ಅವಳಿಗೇ ಮೂರು ನಾಲ್ಕು ಸಲ ತಪ್ಪಿತು.

ಮತ್ತೆ ಅವನು ಕಾಗೆಯ ಕೊಕ್ಕಿಗೆ ಒಂದೇ ಸಲಕ್ಕೆ ಕೂಡಿಸುತ್ತಿದ್ದನಲ್ಲ...

ಅವಳ ಬೆರಳು ಬಳೆಯ ಮೇಲೆ ಹಾಗೇ ನಿಂತಿತು.

ಒಳಗೆ ಓಡಿ ಕಂಪ್ಯೂಟರ್ ತೆರೆದಳು. ಸೇತುವೆಯ ಮೇಲೆ ತೆಗೆದದ್ದನ್ನೆಲ್ಲ ಅವರು ಅದರಲ್ಲೇ ತುಂಬಿಸುತ್ತಿದ್ದರು. ಕಂಬಿಗೆ ಊರಿಸಿ ತೆಗೆದ ಚಿತ್ರಗಳನ್ನು ಒಂದೊಂದೇ ದೊಡ್ಡದು ಮಾಡಿದಳು. ಕಾಗೆಯ ಕೊಕ್ಕು. ಸಿಗ್ನಲಿನ ತಿರುಪು. ಸಿಗ್ನಲಿಗೆ ನಿಂತ ರೈಲಿನ ಕಿಟಕಿಯಲ್ಲಿ ಮಗುವಿನ ರೆಪ್ಪೆ. ಫೋಕಸ್ ಎಲ್ಲೂ ಒಂದು ಕೂದಲು ಆಚೀಚೆ ಇರಲಿಲ್ಲ. ಯಾವ ದಿನದ ಚಿತ್ರವೇ ಆಗಲಿ.

ಅವನ ಎಡಗೈ ಯಾವತ್ತೂ ನಡುಗಿರಲಿಲ್ಲ. ಬಟನ್ ಒತ್ತುವ ಬಲಗೈ ಮಾತ್ರ. ಯಾವಾಗಲೂ ಬಲಗೈ ಮಾತ್ರ.

ಕುಡಿತ ಒಂದು ಕೈ ಆರಿಸಿಕೊಂಡು ನಡುಗಿಸುವುದಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಡೆಯುವಾಗ ಅವನ ಬಲತೋಳು ಬೀಸದೆ ಮೈಗೆ ಅಂಟಿಕೊಂಡಿರುತ್ತಿದ್ದದ್ದು ನೆನಪಾಯಿತು. ಮುಗ್ಗಲು ಹಿಡಿದ ಲೆನ್ಸ್ ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದರೂ ವಾಸನೆಯೇ ಇಲ್ಲವಲ್ಲ ಅಂದದ್ದು ನೆನಪಾಯಿತು. ಅಪ್ಪನ ಗೆಳೆಯರೊಬ್ಬರಿಗೂ ಹೀಗೇ ಶುರುವಾಗಿತ್ತು...

ಅವಳು ಅಂಗಡಿಗೆ ಬೀಗವನ್ನೂ ಹಾಕದೆ ಹಿಂದಿನ ರಸ್ತೆಗೆ ನಡೆದಳು.

ಕ್ಲಿನಿಕ್ಕಿನ ಬಾಗಿಲು ಅರೆ ತೆರೆದಿತ್ತು. ಅವನು ನೆಲದ ಮೇಲೆ ಕೂತು ಉಪಕರಣಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಹಲ್ಲಿನ ಕುರ್ಚಿಗೆ ಆಗಲೇ ಹಗ್ಗ ಬಿಗಿದಿತ್ತು, ಯಾರೋ ಕೊಂಡಿದ್ದರು.

“ಏನು ಕಾಯಿಲೆ?” ಅಂತ ಕೇಳಿದಳು ಬಾಗಿಲಲ್ಲೇ ನಿಂತು.

ಅವನು ತಲೆ ಎತ್ತಿದ. ಸುಳ್ಳು ಹುಡುಕುವ ಹಾಗೆ ಒಂದು ಕ್ಷಣ ಕಣ್ಣು ಅತ್ತಿತ್ತ ಹೋಯಿತು. ಆಮೇಲೆ ಸೋತ.

“ಪಾರ್ಕಿನ್ಸನ್.”



“ಯಾವಾಗ ಗೊತ್ತಾಯ್ತು?”

“ನಾನು ಕೆಲವು ದಿನ ಬರಲಿಲ್ಲವಲ್ಲ, ಆಗ. ಅನುಮಾನ ಮುಂಚೆಯೇ ಇತ್ತು.” ಅವನು ಸುತ್ತುತ್ತಿದ್ದ ಬಟ್ಟೆ ಕೆಳಗಿಟ್ಟ. “ಆ ಹೆಂಗಸಿನ ತುಟಿ ಕುಯ್ದ ಮೇಲೆ ಕ್ಲಿನಿಕ್ ಮುಚ್ಚಿದೆ. ಆದ್ರೆ ನನ್ನ ಹತ್ರ ಇದ್ದ ಹೊಸ ಲೆನ್ಸಲ್ಲಿ ಚಿತ್ರ ಚೆನ್ನಾಗೇ ಬರ್ತಿತ್ತು. ನೋಡು, ಕೈ ಸರಿಯಾಗೇ ಇದೆ, ಸುಸ್ತು ಅಷ್ಟೆ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ನಡುಕವನ್ನ ಲೆನ್ಸು ಒಳಗೊಳಗೇ ತಡೀತಿತ್ತು. ಹಳೇ ಜೂಮಿಗೆ ಅದು ಗೊತ್ತಿಲ್ಲ. ಆ ದಿನ ನಿಮ್ಮ ಅಂಗಡಿಗೆ ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ. ಲೆನ್ಸ್ ಕೆಟ್ಟಿದೆ ಅಂತ ಹೇಳಿಬಿಡಲಿ ಅಂತ.”

ಕೆಟ್ಟಿರೋದು ನಿಮ್ಮ ಕೈ... ತಾನು ಹೇಳಿದ ಮಾತು ಅವಳ ಎದೆಗೆ ಬಂದು ನಾಟಿತು.

“ಮತ್ತೆ ಕುಡೀತೀನಿ ಅಂತ ಯಾಕೆ ಹೇಳಿದ್ರಿ?”

“ಕುಡುಕ ಅಂದ್ರೆ ನೀವು ಬಿಟ್ಟು ಹೋಗ್ತೀರಿ. ಕಾಯಿಲೆ ಅಂದ್ರೆ ಹೋಗಲ್ಲ. ಅಷ್ಟು ಗೊತ್ತಾಗಿತ್ತು ನನಗೆ ನಿಮ್ಮ ಬಗ್ಗೆ.”

“ನನ್ನ ಪರವಾಗಿ ತೀರ್ಮಾನ ಮಾಡೋಕೆ ನೀವ್ಯಾರು?”

“ಯಾರೂ ಅಲ್ಲ,” ಅಂದ ಅವನು. “ಇದು ವಾಸಿಯಾಗಲ್ಲ ಲೆನ್ಸಮ್ಮ. ಮಾತ್ರೆ ಕೆಲವು ವರ್ಷ ಎಳೆಯತ್ತೆ. ಆಮೇಲೆ ಅಂಗಿ ಗುಂಡಿ ಹಾಕೋಕೂ ಇನ್ನೊಬ್ಬರು ಬೇಕು. ಒಂದು ಕಾಲದಲ್ಲಿ ಒಬ್ಬನಿಗೆ ಲೋಟ ಹಿಡಿದು ಕುಡಿಸಿದವರು ನೀವು. ಮತ್ತೆ ಅದೇ ಕೆಲಸಕ್ಕೆ ನಾನು ನಿಮ್ಮನ್ನ ಕರೀಲಾ? ಮನೆಗೆ ಹೋಗಿ. ನಾನು ಆಸ್ಪತ್ರೆಯ ಕಸರತ್ತು ಮುಗಿಸಿಕೊಂಡು ಅಣ್ಣನ ಊರಿಗೆ ಹೋಗ್ತೀನಿ.”

ಕಥೆಗಳಲ್ಲಾದರೆ ಅವಳು ಅಲ್ಲೇ ಅವನನ್ನು ಅಪ್ಪಿಕೊಳ್ಳಬೇಕಿತ್ತು. ಅವಳು ಹಾಗೆ ಮಾಡಲಿಲ್ಲ. ಹೋದಳು. ಅವಳಿಗೆ ಭಯವಾಗಿತ್ತು.

*

ಅಕ್ಕನಿಗೆ ಎಲ್ಲ ಹೇಳಿದಳು. ಅಕ್ಕ ಬೈಯಲಿಲ್ಲ. ತಂಗಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂದಲು ಬಿಡಿಸುತ್ತ ಕೂತಳು.

“ಕುಡುಕನಾಗಿದ್ರೇ ವಾಸಿಯಿತ್ತು ಪುಟ್ಟಿ,” ಅಂದಳು. “ಬಿಡಿಸ್ತೀನಿ ಅನ್ನೋ ಆಸೆಯಾದ್ರೂ ಇರ್ತಿತ್ತು. ಇದಕ್ಕೆ ಏನು ಅಂತ ಆಸೆ ಇಟ್ಕೊಳ್ತೀಯ?”

“ಏನೂ ಇಲ್ಲ ಅಕ್ಕ.”

“ಒಂದು ಬಾವಿಯಿಂದ ಎದ್ದು ಬಂದೆ. ಇನ್ನೊಂದಕ್ಕೆ ಕಣ್ಣು ಬಿಟ್ಕೊಂಡೇ ಬೀಳ್ತೀಯ?”

  ಅಕ್ಕ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮರೆಯಲು ನೋಡಿದಳು. ಇಡೀ ದಿನ ಗಿರಾಕಿಗಳ ಜೊತೆ ಮಾತಾಡಿದಳು, ಕಪಾಟೆಲ್ಲ ಒರೆಸಿದಳು, ಭಾವನ ಕನ್ನಡಕವನ್ನೂ ಬಿಡದೆ ಒರೆಸಿದಳು. ಗಂಡನನ್ನು ಬಿಟ್ಟು ಬಂದಾಗ ದುಃಖವಿತ್ತು, ಆದರೆ ಬೆನ್ನ ಮೇಲಿನ ಮೂಟೆ ಇಳಿದಂತೆ ಹಗುರವೂ ಆಗಿತ್ತು. ಈಗ ಹಗುರವಾಗಲಿಲ್ಲ. ಮಧ್ಯಾಹ್ನವಾದರೆ ಕಾಲು ತಾನಾಗಿ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

ಅವನ ಜೊತೆ ಹೋದರೆ ಕಷ್ಟ. ಹೋಗದಿದ್ದರೂ ಕಷ್ಟ. ಎರಡೂ ಕಡೆ ಗೋಡೆಯೇ ಇರುವಾಗ ಯಾವ ಕಡೆ ಮುಖ ಮಾಡಿ ಕೂರುವುದು?

ಅವನಿರುವ ಕಡೆ, ಅಂದಿತು ಮನಸ್ಸು.

*

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ಕುರ್ಚಿಗಳ ತುಂಬ ಜನ, ಕಾಯುತ್ತ ಕೂತ ಅವಳ ಪಕ್ಕದ್ದೊಂದೇ ಖಾಲಿ. ಮುಚ್ಚಿದ ಕೋಣೆಯೊಂದರಿಂದ ಯಾರೋ ಜೋರಾಗಿ “ಆ...” ಅಂತ ಎಳೆದು ಕೂಗುತ್ತಿದ್ದರು. ನಿಲ್ಲಿಸುವುದು, ಮತ್ತೆ “ಆ...”

ಅವಳಿಗೆ ಆ ದನಿ ಗೊತ್ತಾಯಿತು. ನಗು ಬಂತು.

ಬಾಗಿಲು ತೆರೆದು ಅವನು ಹೊರಗೆ ಬಂದ. ಅವಳನ್ನು ಕಂಡು ನಿಂತ. ತಿರುಗಿ ಹೋಗಲು ಬೇರೆ ದಾರಿ ಇರಲಿಲ್ಲ. ಮೆಲ್ಲಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

“ಯಾಕೆ ಕೂಗಿಸ್ತಾರೆ?” ಅಂತ ಕೇಳಿದಳು.

“ದನಿ ಸಣ್ಣದಾಗ್ತಾ ಹೋಗತ್ತೆ. ನಮಗೆ ಜೋರಾಗೇ ಮಾತಾಡ್ತಿದ್ದೀವಿ ಅನ್ಸತ್ತೆ, ಎದುರಿನವರಿಗೆ ಕೇಳಿಸಲ್ಲ. ಅದಕ್ಕೆ ಈಗಿಂದಲೇ ಅಭ್ಯಾಸ.”

“ಹೂಂ.”

“ಇನ್ನೂ ಒಂದು ಇದೆ. ಹೇಳಿಬಿಡ್ತೀನಿ, ಕೇಳಿ ಎದ್ದು ಹೋಗಿ.” ಅವನು ಎದುರಿನ ಗೋಡೆ ನೋಡುತ್ತ ಹೇಳಿದ. “ಮುಖ ಗಟ್ಟಿಯಾಗತ್ತೆ. ಚರ್ಮ ಅಲುಗಲ್ಲ. ಒಳಗೆ ನಗು ಬಂದ್ರೂ ಹೊರಗೆ ಕಾಣಲ್ಲ. ನೀವು ಇಡೀ ದಿನ ದುಡಿದು ಬಂದು ನನ್ನ ಮುಖ ನೋಡಿದ್ರೆ, ಇವನಿಗೆ ನಾನು ಬಂದಿದ್ದು ಸಂತೋಷವೋ, ಬೇಸರವೋ ಗೊತ್ತಾಗಲ್ಲ. ಕಲ್ಲಿನ ಜೊತೆ ಸಂಸಾರ ಮಾಡಿದ ಹಾಗೆ.”

 ನರ್ಸೊಬ್ಬಳು ಯಾರದೋ ಸರದಿ ಕರೆದಳು. ಒಬ್ಬ ಮುದುಕರು ಎದ್ದು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ, ಹೆಂಡತಿಯ ತೋಳು ಹಿಡಿದು ಹೋದರು. ಹೆಂಡತಿ ದಾರಿಯುದ್ದಕ್ಕೂ ಅವರನ್ನು ಬೈಯುತ್ತಲೇ ಇದ್ದರು. ಕೈ ಮಾತ್ರ ಬಿಟ್ಟಿರಲಿಲ್ಲ.

“ನಾನೂ ಬೈತೀನಿ,” ಅಂದಳು ಲೆನ್ಸಮ್ಮ.

“ಏನು?”

“ನಾನು ದೇವತೆ ಅಲ್ಲ ಡಾಕ್ಟರೇ. ನನಗೆ ಸಿಟ್ಟು ಬರತ್ತೆ. ಸಾಕಾಗಿ ಅಡುಗೆಮನೆಯಲ್ಲಿ ಅಳ್ತೀನಿ. ಯಾಕಾದ್ರೂ ಒಪ್ಕೊಂಡ್ನೋ ಅಂತಲೂ ಅಂತೀನಿ, ಅದು ನಿಮಗೆ ಕೇಳಿಸತ್ತೆ. ಎಷ್ಟು ತಡ್ಕೊಳ್ತೀನೋ ಗೊತ್ತಿಲ್ಲ. ಭಯ ನಿಮ್ಮಷ್ಟೇ ಇದೆ, ಜಾಸ್ತಿನೇ ಇದೆ. ಆದ್ರೆ ಕುಡುಕನ ಜೊತೆ ಇದ್ದಾಗ ಅವನು ಒಂದು ದಿನವೂ ನನ್ನ ಕಡೆ ತಿರುಗಿ ನೋಡ್ಲಿಲ್ಲ. ನೀವು ನೋಡಿದ್ರಿ. ಅಷ್ಟೇ ನನ್ನ ಲೆಕ್ಕ.”

“ಇದರಲ್ಲಿ ನಿಮಗೆ ಏನು ಸಿಗತ್ತೆ?”

“ಮಾತ್ರೆ ಎಳೆಯೋವಷ್ಟು ದಿನ ಸಿಗತ್ತಲ್ಲ.”

“ಅದು ಮುಗಿದು ಹೋಗತ್ತೆ.”

“ಗೊತ್ತು. ಮುಗಿಯತ್ತೆ.”

ಅವಳು ಅದನ್ನು ಮೃದುವಾಗಿಸಲು ಹೋಗಲಿಲ್ಲ. ಮುಂದೆ ಎಲ್ಲ ಸರಿಹೋಗುತ್ತದೆ ಅನ್ನುವ ಸುಳ್ಳು ಅವರಿಬ್ಬರಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕೈ ಇನ್ನಷ್ಟು ನಡುಗುತ್ತದೆ, ಕಾಲು ತಡವರಿಸುತ್ತದೆ, ಒಂದು ದಿನ ಆ ಮುಖ ಅವಳನ್ನು ನೋಡಿಯೂ ನೋಡದಂತೆ ಇರುತ್ತದೆ. ಬರುವುದು ಖಂಡಿತ. ಯಾವಾಗ ಅನ್ನುವುದೊಂದೇ ತಿಳಿಯದು.

ಅವಳು ಕೈ ಚಾಚಿ, ಅವನ ತೊಡೆಯ ಕೆಳಗೆ ಅಡಗಿದ್ದ ಬಲಗೈಯನ್ನು ಹೊರಗೆಳೆದು ತನ್ನ ಎರಡೂ ಅಂಗೈಯ ನಡುವೆ ಇಟ್ಟುಕೊಂಡಳು. ಅದು ಹಿಡಿದ ಹಕ್ಕಿಯ ಹಾಗೆ ಮಿಡಿಯುತ್ತಿತ್ತು. ಹಿಡಿದರೂ ನಿಲ್ಲಲಿಲ್ಲ. ಅವಳು ಬಿಡಲೂ ಇಲ್ಲ.

ಅವನ ಕಣ್ಣು ತುಂಬಿತು.

“ಅಣ್ಣನಿಗೆ ಫೋನ್ ಮಾಡಬೇಕು,” ಅಂದ. “ಬರಲ್ಲ ಅಂತ.”

“ಮಾಡಿ. ಅದಕ್ಕೂ ಮೊದಲು ನೀವು ನನಗೊಂದು ಮಾತು ಹೇಳಬೇಕು. ಸೇತುವೆ ಮೇಲೆ ಅಷ್ಟು ದಿನ ನುಂಗಿಕೊಂಡಿದ್ರಲ್ಲ, ಅದು. ಮುಖ ಗಟ್ಟಿಯಾಗೋ ಮೊದಲು, ದನಿ ಹೋಗೋ ಮೊದಲು.”

ಅವನು ಹೇಳಿದ. ತುಟಿ ಅಲುಗಿತು, ದನಿ ಗಂಟಲಲ್ಲೇ ಉಳಿಯಿತು.

“ಕೇಳಿಸಲಿಲ್ಲ. ಒಳಗೆ ಅಷ್ಟು ಹೊತ್ತು ಕೂಗಿಸಿದ್ರಲ್ಲ, ಯಾತಕ್ಕೆ ಅದು?”

ಅವನು ಬೆನ್ನು ನೆಟ್ಟಗೆ ಮಾಡಿದ. ಉಸಿರು ತುಂಬಿಕೊಂಡ.

“ನೀನಂದ್ರೆ ನನಗೆ ಪ್ರಾಣ,” ಅಂದ. ಅಭ್ಯಾಸದ ದನಿಯಲ್ಲಿ, ಎದೆಯ ಆಳದಿಂದ. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನರ್ಸ್ ಬಾಗಿಲಿಂದ ತಲೆ ಹೊರಗೆ ಹಾಕಿದಳು.

ಅವನ ಕಿವಿ ಕೆಂಪಾಯಿತು. ಅವಳ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

“ಈಗ ಕೇಳಿಸ್ತಾ?”

“ಕೇಳಿಸ್ತು,” ಅಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತ. “ಇನ್ನೊಂದು ಸಲ ಹೇಳು.”